ಸೌಟು ತಳಕ್ಕೆ ಹಾಕಿ

ಪೈಲ್ ತಲೆ ಒಡೆಯುವ ದಿನ ಅಂದರೆ ನಮಗೆ ರಿಸಲ್ಟ್ ಬರುವ ದಿನ ಇದ್ದ ಹಾಗೆ. ಪೈಲ್ ಅಂದರೆ ನೆಲ ಕೊರೆದು ಕಂಬಿ, ಕಾಂಕ್ರೀಟ್ ತುಂಬಿ ಮಾಡುವ ಅಡಿಪಾಯದ ಕಂಬ. ಮೂವತ್ತು ಮೀಟರ್ ಆಳದ ಗುಂಡಿಯಲ್ಲಿ, ಗಂಜಿಯಂಥ ರಾಡಿಯೊಳಗೆ, ಕಣ್ಣಿಗೆ ಏನೂ ಕಾಣದೆ ಪೈಪಿನಲ್ಲಿ ಕಾಂಕ್ರೀಟ್ ಇಳಿಸಿ ಬಂದಿರುತ್ತೇವೆ. ಒಳಗೆ ಏನಾಗಿದೆ ಅಂತ ಮೊದಲ ಸಲ ಕಣ್ಣಾರೆ ನೋಡುವುದು ಅವತ್ತೇ. ಮೇಲಿನ ಕಾಂಕ್ರೀಟ್ ರಾಡಿ ಬೆರೆತು ಕೆಟ್ಟಿರುತ್ತದೆ ಅಂತ ಗೊತ್ತಿದ್ದೇ ಒಂದು ಮೀಟರ್ ಜಾಸ್ತಿ ಸುರಿದಿರುತ್ತೇವೆ. ಜಾಕ್‌ಹ್ಯಾಮರ್ ಹಿಡಿದು ಅದನ್ನು ಒಡೆದು ತೆಗೆದರೆ ಕೆಳಗೆ ಗಟ್ಟಿ ಬೂದು ಬಣ್ಣದ, ಸುತ್ತಿಗೆಯಲ್ಲಿ ಹೊಡೆದರೆ ಟಣ್ ಅನ್ನುವ ಕಾಂಕ್ರೀಟ್ ಸಿಗಬೇಕು.

ಸಿಗಲಿಲ್ಲ. ಒಂದು ಮೀಟರ್ ಒಡೆದ ಮೇಲೂ ಕಂಬಿಗಳ ಹೊರಗಡೆ ಮರಳು. ಮರಳು ಅಂದರೆ ಕಾಂಕ್ರೀಟಿನ ಮರಳಲ್ಲ, ಹೊಳೆಯ ಮರಳು, ನಡುನಡುವೆ ಚಿಪ್ಪಿನ ಚೂರು. ಬೆರಳಿನಲ್ಲಿ ಕೆರೆದರೆ ಉದುರುತ್ತಿತ್ತು. ಇನ್ನೂ ಅರ್ಧ ಮೀಟರ್ ಇಳಿದೆವು, ಆಗಲೂ ಅದೇ. ಕೊನೆಗೆ ಲೆಕ್ಕಕ್ಕಿಂತ 1.1 ಮೀಟರ್ ಜಾಸ್ತಿ ಒಡೆದ ಮೇಲೆ ಟಣ್ ಅಂದಿತು. ಆ ಗುಂಡಿಯಲ್ಲಿ ಕೂತು ಜಾಕ್‌ಹ್ಯಾಮರ್ ಹಿಡಿದ ಹುಡುಗ ನನ್ನ ಮುಖ ನೋಡಿದ. ನಾನು ನನ್ನ ರಿಜಿಸ್ಟರ್ ನೋಡಿದೆ. ಆ ಪೈಲಿನ ಪುಟದಲ್ಲಿ ನನ್ನದೇ ಅಕ್ಷರದಲ್ಲಿ ಬರೆದಿತ್ತು: ಕಾಂಕ್ರೀಟಿಗೆ ಮುಂಚೆ ಡೆನ್ಸಿಟಿ 1.08, ಮಾರ್ಷ್ 38 ಸೆಕೆಂಡ್, ಮರಳು 2%, ಆಳ 30.0 ಮೀಟರ್. ಎಲ್ಲ ರಾಡಿಯ ಟೆಸ್ಟಿನ ಅಂಕಿ, ಏನು ಅಂತ ಮುಂದೆ ಹೇಳುತ್ತೇನೆ. ಎಲ್ಲ ಓಕೆ. ಸಹಿ ನನ್ನದೇ.

ಸುಳ್ಳು ಬರೆದಿರಲಿಲ್ಲ ಮಾರಾಯ್ರೇ. ಅದೇ ಬೇಜಾರು. ಪ್ರತಿಯೊಂದು ರೀಡಿಂಗ್ ನಾನೇ ನಿಂತು ತೆಗೆದದ್ದು.

ಇದು ಉತ್ತರ ಕನ್ನಡದ ಒಂದು ಅಳಿವೆಯ ಹತ್ತಿರದ ಸೇತುವೆ ಕೆಲಸ. ಯಾವ ಹೊಳೆ, ಯಾವ ಕಂಪನಿ ಅಂತ ಕೇಳಬೇಡಿ. ನಾನು ಅಲ್ಲಿ ಕ್ವಾಲಿಟಿ ಇಂಜಿನಿಯರ್. ಬಯಲುಸೀಮೆಯವನು, ನಮ್ಮ ಕಡೆ ಎರಡು ಮೀಟರ್ ಅಗೆದರೆ ಗಟ್ಟಿ ಗೊಚ್ಚು ಸಿಗುತ್ತದೆ, ಅದರ ಮೇಲೆ ಫುಟಿಂಗ್ ಹಾಕಿದರೆ ಮುಗಿಯಿತು. ಇಲ್ಲಿ ಹಾಗಲ್ಲ. ಮೇಲೆ ಸಡಿಲ ಮರಳು, ಅದರ ಕೆಳಗೆ ಕಪ್ಪು ಜೇಡಿ, ಮತ್ತೆ ಮರಳು, ಮತ್ತೆ ಜೇಡಿ, ಆಮೇಲೆ ಕೊಳೆತ ಕಲ್ಲು, ಆಮೇಲೆ ಬಂಡೆ. ಇಂಥ ಕಡೆ ಗುಂಡಿ ಕೊರೆದರೆ ಅದು ನಿಲ್ಲುವುದೇ ಇಲ್ಲ. ಸಮುದ್ರದ ದಂಡೆಯಲ್ಲಿ ಮಕ್ಕಳು ಮರಳಿನಲ್ಲಿ ಗುಂಡಿ ತೋಡುತ್ತಾರಲ್ಲ, ನೀರು ಬಂದ ತಕ್ಷಣ ಬದಿ ಕುಸಿದು ಬೀಳುತ್ತದಲ್ಲ, ಅದೇ ಕತೆ. ಅದಕ್ಕೇ ಮೇಲಿನ ಐದಾರು ಮೀಟರಿಗೆ ಕಬ್ಬಿಣದ ಕೇಸಿಂಗ್, ಅಂದರೆ ಗುಂಡಿಯಷ್ಟೇ ಅಗಲದ ಕೊಳವೆ, ಅದರ ಕೆಳಗೆ ಬೆಂಟೊನೈಟ್.

ಬೆಂಟೊನೈಟ್ ಅಂದರೆ ಒಂದು ಜಾತಿಯ ಜೇಡಿಮಣ್ಣು, ಅಷ್ಟೆ. ನಮಗೆ ಬರುತ್ತಿದ್ದದ್ದು ಗುಜರಾತಿನ ಕಚ್ಛ್ ಕಡೆಯಿಂದ, 50 ಕಿಲೋ ಚೀಲದಲ್ಲಿ. ಒಣಗಿದ್ದಾಗ ಕಡಲೆಹಿಟ್ಟಿನ ಥರ ನಯವಾದ ಪುಡಿ. ನೀರಿಗೆ ಹಾಕಿದರೆ ಒಳಗೊಳಗೇ ನೀರು ಕುಡಿದು ಉಬ್ಬುತ್ತದೆ. ಸಾವಿರ ಲೀಟರ್ ನೀರಿಗೆ ಒಂದು ಚೀಲ ಹಾಕಿ ಚೆನ್ನಾಗಿ ಕಡೆದು ಒಂದು ರಾತ್ರಿ ಬಿಟ್ಟರೆ ತೆಳ್ಳಗಿನ ರಾಗಿ ಅಂಬಲಿಯ ಹದಕ್ಕೆ ಬರುತ್ತದೆ. ಅದಕ್ಕೊಂದು ವಿಚಿತ್ರ ಗುಣ ಇದೆ: ಕಲಕುತ್ತಾ ಇದ್ದರೆ ನೀರಿನ ಥರ ಹರಿಯುತ್ತದೆ, ಸುಮ್ನೆ ಬಿಟ್ಟರೆ ಹೆಪ್ಪುಗಟ್ಟಿದ ಹಾಗೆ ನಿಲ್ಲುತ್ತದೆ. ಗುಂಡಿಯೊಳಗೆ ತುಂಬಿದಾಗ ಬದಿಯ ಮರಳಿಗೆ ಒಂದಿಷ್ಟು ನುಗ್ಗಿ ತೆಳ್ಳಗಿನ ಪೊರೆ ಕಟ್ಟುತ್ತದೆ. ಆ ಪೊರೆಯ ಮೇಲೆ ರಾಡಿಯ ಭಾರ ಒತ್ತಿ ಹಿಡಿದು ಗೋಡೆ ನಿಲ್ಲಿಸುತ್ತದೆ. ಕೊರೆದ ಮಣ್ಣು ತಕ್ಷಣ ತಳಕ್ಕೆ ಹೋಗದೆ ರಾಡಿಯಲ್ಲೇ ತೇಲುತ್ತಾ ಮೇಲೆ ಬರುವುದೂ ಆ ಹೆಪ್ಪಿನಿಂದಲೇ.

ಆದರೆ ಒಳ್ಳೆಯ ಗುಣ ಇರುವ ಕಡೆಯೇ ತೊಂದರೆ ಕೂತಿರುತ್ತದೆ. ಮರಳನ್ನು ಹಿಡಿದುಕೊಂಡ ರಾಡಿ ಅದನ್ನು ಶಾಶ್ವತವಾಗಿ ಹಿಡಿದುಕೊಳ್ಳುವುದಿಲ್ಲ. ನಿಧಾನಕ್ಕೆ ಬಿಡುತ್ತದೆ.

ಈಗ ಟೆಸ್ಟುಗಳ ವಿಷಯ. ಮೊದಲ ಸಲ ಸೈಟಿಗೆ ಬಂದ ಹುಡುಗರು ಇದನ್ನು ಲ್ಯಾಬ್ ಕೆಲಸ ಅಂದುಕೊಳ್ಳುತ್ತಾರೆ. ಲ್ಯಾಬ್ ಎಲ್ಲಿಂದ ಬಂತು, ಒಂದು ಮುರಿದ ಮೇಜು, ಎರಡು ಬಕೆಟ್ ನೀರು, ತಲೆ ಮೇಲೆ ಟಾರ್ಪಾಲು. ನಾಲ್ಕೇ ನಾಲ್ಕು ಸಾಮಾನು.

ಮೊದಲನೆಯದು ಮಡ್ ಬ್ಯಾಲೆನ್ಸ್, ಡೆನ್ಸಿಟಿ ಅಂದರೆ ರಾಡಿ ನೀರಿನ ಎಷ್ಟು ಪಟ್ಟು ಭಾರ ಅಂತ ನೋಡುವುದಕ್ಕೆ. ತಕ್ಕಡಿ ಥರ, ಒಂದು ಕಡೆ ಲೋಟ, ಇನ್ನೊಂದು ಕಡೆ ಜಾರುವ ತೂಕ. ಲೋಟ ತುಂಬಿ ಮುಚ್ಚಳ ಒತ್ತಿದಾಗ ಮುಚ್ಚಳದ ತೂತಿನಿಂದ ರಾಡಿ ಹೊರಗೆ ಬರಲೇಬೇಕು, ಇಲ್ಲದಿದ್ದರೆ ಒಳಗೆ ಗಾಳಿ ಉಳಿದಿದೆ ಅಂತ ಅರ್ಥ. ಆಮೇಲೆ ಹೊರಗಡೆ ಮೆತ್ತಿದ್ದನ್ನು ತೊಳೆದು ಒರೆಸಬೇಕು. ಒರೆಸದೆ ತೂಗಿದರೆ ಅಂಟಿಕೊಂಡ ರಾಡಿಯೂ ತೂಕಕ್ಕೆ ಸೇರುತ್ತದೆ. ಬೆಳಿಗ್ಗೆ ಒಂದು ಸಲ ಬರೀ ನೀರು ಹಾಕಿ ನೋಡಿದರೆ 1.00 ತೋರಿಸಬೇಕು.

ಡೆನ್ಸಿಟಿಯ ಲೆಕ್ಕ ಸುಲಭ, ಆದರೆ ಯಾರೂ ಮಾಡುವುದಿಲ್ಲ. ಸಾವಿರ ಲೀಟರಿಗೆ 50 ಕಿಲೋ ಹಾಕಿದ ಹೊಸ ಬೆಂಟೊನೈಟಿನ ಡೆನ್ಸಿಟಿ ಸುಮಾರು 1.03 ಬರುತ್ತದೆ. ಹಾಗಾದರೆ ಗುಂಡಿಯಿಂದ ಬಂದದ್ದು 1.20 ತೋರಿಸಿದರೆ ಮಿಕ್ಕಿದ್ದು ಎಲ್ಲಿಂದ ಬಂತು? ಹೊಳೆಯಿಂದ. ಅದು ಬೆಂಟೊನೈಟ್ ಅಲ್ಲ, ಮಣ್ಣು. ಪೈಲ್ ಕೆಲಸಕ್ಕೆ ನಮ್ಮ ದೇಶದ ಕೋಡ್ ಆದ ಐಎಸ್ 2911ರ ಭಾಗ 1, ಸೆಕ್ಷನ್ 2, 2010ರ ಆವೃತ್ತಿಯಲ್ಲಿ ಇದನ್ನೇ ಬರೆದಿದ್ದಾರೆ: ಹೊಸದಾಗಿ ಕಲಸಿದ್ದು 1.03ರಿಂದ 1.10ರ ಒಳಗೆ ಇರಬೇಕು, ಕೊರೆಯುವಾಗ 1.25ರವರೆಗೆ ಏರಬಹುದು, ಆದರೆ ಕಾಂಕ್ರೀಟ್ ಹಾಕುವ ಮುಂಚೆ ಫ್ಲಶ್ ಮಾಡಿ (ಕೆಟ್ಟ ರಾಡಿ ತೆಗೆದು ಒಳ್ಳೆಯದು ತುಂಬಿ) 1.12ಕ್ಕೆ ಇಳಿಸಲೇಬೇಕು.

ಎರಡನೆಯದು ಮಾರ್ಷ್ ಕೋನ್, ರಾಡಿ ಎಷ್ಟು ಮಂದ ಇದೆ ಅಂತ ನೋಡುವುದಕ್ಕೆ. 1931ರಲ್ಲಿ ಹ್ಯಾಲನ್ ಮಾರ್ಷ್ ಎಂಬಾತ ತೈಲಬಾವಿ ಕೊರೆಯುವವರಿಗಾಗಿ ಮಾಡಿದ ಆಲಿಕೆ, ಇವತ್ತಿಗೂ ಹೆಚ್ಚು ಬದಲಾಗಿಲ್ಲ. ತೂತಿಗೆ ಬೆರಳು ಅಡ್ಡ ಇಟ್ಟು ಒಂದೂವರೆ ಲೀಟರ್ ರಾಡಿ ತುಂಬಿ, ಬೆರಳು ತೆಗೆದು, ಮಗ್ಗಿನಲ್ಲಿ 946 ಮಿಲಿಲೀಟರ್ ತುಂಬಲು ಎಷ್ಟು ಸೆಕೆಂಡ್ ಅಂತ ನೋಡುವುದು. ನೀರಿಗೆ 26 ಸೆಕೆಂಡ್. ಬೆಂಟೊನೈಟಿಗೆ 30ರಿಂದ 60. ಈ 946 ಎಂಥ ವಿಚಿತ್ರ ಸಂಖ್ಯೆ ಅಂತ ನನಗೂ ಅನಿಸಿತ್ತು, ಅದು ಅಮೆರಿಕದ ಒಂದು ಕ್ವಾರ್ಟ್. ನಮ್ಮ ಸೈಟಿನಲ್ಲಿ ಯಾರೋ ಆ ಮಗ್ಗನ್ನು ಸ್ನಾನಕ್ಕೆ ತೆಗೆದುಕೊಂಡು ಹೋಗಿ ಬದಲಿಗೆ ಒಂದು ಲೀಟರಿನ ಪ್ಲಾಸ್ಟಿಕ್ ಮಗ್ ಇಟ್ಟಿದ್ದರು. ಒಂದು ವಾರ ಎಲ್ಲ ರೀಡಿಂಗ್ ಎರಡು ಮೂರು ಸೆಕೆಂಡ್ ಜಾಸ್ತಿ. ನೀರು ಹಾಕಿ ನೋಡಿದಾಗ 28 ಬಂತು, ಆಗ ಕಳ್ಳ ಸಿಕ್ಕ. ತೂತಿನ ವ್ಯಾಸ 4.76 ಮಿಲಿಮೀಟರ್ ಅಷ್ಟೆ, ನಿನ್ನೆಯ ರಾಡಿ ಒಂದು ಪದರ ಒಣಗಿ ಅಂಟಿಕೊಂಡಿದ್ದರೂ ಸಾಕು, ಲೆಕ್ಕ ತಪ್ಪುತ್ತದೆ.

ಮೂರನೆಯದು ಮರಳಿನ ಕೊಳವೆ. ನನಗೆ ಇದು ಎಲ್ಲಕ್ಕಿಂತ ಇಷ್ಟ. ಕೆಳಗೆ ಚೂಪಾಗುವ ಗಾಜಿನ ಕೊಳವೆ, ಗುರುತಿನವರೆಗೆ ರಾಡಿ, ಮುಂದಿನ ಗುರುತಿನವರೆಗೆ ನೀರು, ಬೆರಳು ಮುಚ್ಚಿ ಚೆನ್ನಾಗಿ ಕುಲುಕಿ, 200 ನಂಬರಿನ ಜರಡಿಗೆ ಸುರಿಯುವುದು. ಜರಡಿಯ ಕಣ್ಣು 74 ಮೈಕ್ರಾನ್. ಬೆಂಟೊನೈಟ್ ಇಳಿದು ಹೋಗುತ್ತದೆ, ಮರಳು ಉಳಿಯುತ್ತದೆ. ಜರಡಿಯನ್ನು ತಿರುಗಿಸಿ ನೀರಿನಲ್ಲಿ ತೊಳೆದು ಆ ಮರಳನ್ನು ಮತ್ತೆ ಕೊಳವೆಗೇ ಇಳಿಸಿ, ಕೂತ ಮೇಲೆ ಎಷ್ಟು ಪರ್ಸೆಂಟ್ ಅಂತ ಓದುವುದು. ಮಾಡುವುದಕ್ಕೆ ಹತ್ತು ನಿಮಿಷ ಬೇಕು, ಅದಕ್ಕೇ ಎಲ್ಲರೂ ತಪ್ಪಿಸಿಕೊಳ್ಳುವ ಟೆಸ್ಟ್ ಇದೇ. ನಮ್ಮ ಕಾಂಟ್ರಾಕ್ಟಿನಲ್ಲಿ ಕಾಂಕ್ರೀಟಿಗೆ ಮುಂಚೆ 4% ಮೀರಬಾರದು ಅಂತಿತ್ತು. ಯುರೋಪಿನ ಕೋಡ್ ಇಎನ್ 1536ರಲ್ಲೂ ಅದೇ 4. ಒಂದು ಮಾತು ನೆನಪಿಡಿ, 74 ಮೈಕ್ರಾನಿಗಿಂತ ಸಣ್ಣ ಹೂಳು ಈ ಜರಡಿಗೆ ಸಿಗುವುದಿಲ್ಲ. ಮರಳು 1% ಇದ್ದು ಡೆನ್ಸಿಟಿ 1.18 ಇದ್ದರೆ ಖುಷಿಪಡಬೇಡಿ, ಹೂಳು ತುಂಬಿದೆ. ಎರಡೂ ಟೆಸ್ಟ್ ಒಟ್ಟಿಗೇ ಮಾಡಬೇಕು ಅನ್ನುವುದು ಅದಕ್ಕೇ.

ನಾಲ್ಕನೆಯದು ಪಿಎಚ್ ಕಾಗದ, ಕ್ಷಾರ ಎಷ್ಟಿದೆ ಅಂತ ಬಣ್ಣದಲ್ಲಿ ತೋರಿಸುತ್ತದೆ. 9ರಿಂದ 11.5ರ ಒಳಗೆ ಇದ್ದರೆ ಸರಿ. 12ಕ್ಕೆ ಹೋದರೆ ಸಿಮೆಂಟ್ ಸೇರಿದೆ.

ಇಷ್ಟು ಗೊತ್ತಿದ್ದೂ ಆ ಪೈಲ್ ಯಾಕೆ ಕೆಟ್ಟಿತು? ಅವತ್ತಿನ ದಿನವನ್ನು ಹಿಂದಕ್ಕೆ ತಿರುಗಿಸಿ ನೋಡಿದೆ. ಬೆಳಿಗ್ಗೆ 11ಕ್ಕೆ ಕೊರೆತ ಮುಗಿದು ಫ್ಲಶಿಂಗ್ ಆಯಿತು, 1.10ಕ್ಕೆ ಬಂತು. ಆಮೇಲೆ ಕೇಜ್, ಅಂದರೆ ಕಂಬಿಯ ಪಂಜರ, ಇಳಿಸುವ ಕೆಲಸ. ಮೂರು ತುಂಡು ಕೇಜ್, ಒಂದನ್ನು ಇಳಿಸಿ ಬಾಯಲ್ಲಿ ಅಡ್ಡಪಟ್ಟಿ ಕೊಟ್ಟು ನಿಲ್ಲಿಸಿ, ಇನ್ನೊಂದನ್ನು ಮೇಲೆ ಎತ್ತಿ ಜೋಡಿಸಿ, ವೆಲ್ಡ್ ಮಾಡಿ, ಮತ್ತೆ ಇಳಿಸಿ. ನಡುವೆ ವೆಲ್ಡಿಂಗ್ ಮೆಷಿನ್ ಕೈಕೊಟ್ಟಿತು. ಕೇಜ್ ಇಳಿಯುವಾಗ ಗೋಡೆಯ ಪೊರೆ ಕೆರೆದುಕೊಂಡೇ ಇಳಿಯುತ್ತದೆ, ಅದೂ ತಳಕ್ಕೆ ಹೋಯಿತು. ಆಮೇಲೆ ಕಾಂಕ್ರೀಟನ್ನು ತಳಕ್ಕೆ ಇಳಿಸುವ ಟ್ರೆಮಿ ಪೈಪ್. ಆಮೇಲೆ ಕಾಂಕ್ರೀಟ್ ಲಾರಿ ಹೈವೇಯಲ್ಲಿ ಸಿಕ್ಕಿಹಾಕಿಕೊಂಡಿತು. ಕಾಂಕ್ರೀಟ್ ಶುರುವಾದದ್ದು ರಾತ್ರಿ 8ಕ್ಕೆ. ಒಂಬತ್ತು ಗಂಟೆ ಆ ರಾಡಿ ಸುಮ್ನೆ ನಿಂತಿತ್ತು.

ನಾನು ಏಳೂವರೆಗೆ ಸ್ಯಾಂಪಲ್ ತೆಗೆದೆ. ಎಲ್ಲಿಂದ? ಕೇಸಿಂಗಿನ ಬಾಯಿಂದ. ಬಕೆಟ್ಟಿಗೆ ಹಗ್ಗ ಕಟ್ಟಿ ಮೇಲಿನ ಒಂದು ಮೀಟರಿನಿಂದ. ಎಲ್ಲರೂ ಹಾಗೇ ತೆಗೆಯುತ್ತಿದ್ದರು. 1.08 ಬಂತು, ಬೆಳಿಗ್ಗೆಗಿಂತ ಚೆನ್ನಾಗಿತ್ತು. ಆಗ ನನಗೆ ಸಮಾಧಾನ ಆಯಿತು ಅಂತ ಹೇಳಿಕೊಳ್ಳಲು ಈಗ ನಾಚಿಕೆಯಾಗುತ್ತದೆ. ಎಂಟೂವರೆ ಗಂಟೆ ಯಾರೂ ಫ್ಲಶ್ ಮಾಡದ ರಾಡಿ ತಾನಾಗಿಯೇ ಚೆನ್ನಾಗುವುದು ಹೇಗೆ? ಮೇಲಿನ ಮರಳೆಲ್ಲ ಕೆಳಗೆ ಹೋಗಿದೆ, ಅದಕ್ಕೇ ಮೇಲೆ ಚೆನ್ನಾಗಿದೆ. ಕಾದಷ್ಟೂ ಮೇಲಿನ ರೀಡಿಂಗ್ ಚಂದ ಕಾಣುತ್ತದೆ, ತಳ ಅಷ್ಟೇ ಹಾಳಾಗುತ್ತಾ ಹೋಗುತ್ತದೆ.

ಮದುವೆ ಮನೆಯ ಪಂಕ್ತಿಯಲ್ಲಿ ಕೂತವರಿಗೆ ಇದು ಗೊತ್ತಿರುತ್ತದೆ. ಸಾರಿನ ಬಕೆಟ್ ಹಿಡಿದ ಹುಡುಗ ಕೊನೆಯ ಸಾಲಿಗೆ ಬರುವ ಹೊತ್ತಿಗೆ ಮೇಲೆ ಬರೀ ತಿಳಿ, ಬೇಳೆ ಪೂರಾ ತಳದಲ್ಲಿ. ಯಾರಾದರೂ ಹಿರಿಯರು ಗದರುತ್ತಾರೆ, ಸೌಟು ತಳಕ್ಕೆ ಹಾಕೋ ಅಂತ. ಮಾರ್ಷ್ ಕೋನು, ಮಡ್ ಬ್ಯಾಲೆನ್ಸು ಎಲ್ಲ ಕಲಿತ ನನಗೆ ಇಷ್ಟು ಹೊಳೆದಿರಲಿಲ್ಲ.

ಎಷ್ಟು ಮರಳು ಕೂರಬಹುದು ಅಂತ ಆಮೇಲೆ ಲೆಕ್ಕ ಹಾಕಿದೆ. ಕೊಳವೆಯಲ್ಲಿ ನಾವು ಓದುವ ಪರ್ಸೆಂಟು ಕೂತ ಮರಳಿನ ಗಾತ್ರ ತಾನೇ? ಗುಂಡಿಯೂ ಒಂದು ದೊಡ್ಡ ಕೊಳವೆಯೇ. 30 ಮೀಟರ್ ಆಳದಲ್ಲಿ 1% ಮರಳು ಪೂರಾ ಕೂತರೆ ತಳದಲ್ಲಿ 30 ಸೆಂಟಿಮೀಟರ್. ಪೈಲಿನ ವ್ಯಾಸ ಎಷ್ಟೇ ಇರಲಿ, ಲೆಕ್ಕ ಅದೇ. 4% ಅಂದರೆ 1.2 ಮೀಟರ್! ಎಲ್ಲವೂ ಕೂರುವುದಿಲ್ಲ, ಬೆಂಟೊನೈಟ್ ಒಂದಿಷ್ಟು ಹಿಡಿದಿಟ್ಟುಕೊಳ್ಳುತ್ತದೆ, ಸರಿ. ಆದರೆ ಅರ್ಧ ಕೂತರೂ ಮೊಣಕಾಲು ದಾಟುತ್ತದೆ. ಕೋಡಿನಲ್ಲಿರುವ ಮಿತಿಯೊಳಗೇ ಇದ್ದುಕೊಂಡು, ಸುಮ್ನೆ ಕಾಯುವುದರಿಂದಲೇ ಅಷ್ಟು ಮರಳು ಬರಬಹುದು. ಈ ಲೆಕ್ಕ ಯಾರೂ ಹೇಳಿಕೊಟ್ಟಿರಲಿಲ್ಲ.

ಹಾಗಾದರೆ ಆಳ ಅಳೆದಾಗ ಯಾಕೆ ಗೊತ್ತಾಗಲಿಲ್ಲ? ಅದೂ ಒಂದು ತಮಾಷೆ. ಟೇಪಿನ ತುದಿಗೆ ನಾವು ಕಟ್ಟುತ್ತಿದ್ದದ್ದು 25 ಎಂಎಂ ಕಂಬಿಯ ತುಂಡು. ಸಣ್ಣ ತುದಿ, ಒಳ್ಳೆ ತೂಕ. ಅದು ಸಡಿಲ ಮರಳನ್ನು ಸೀದಾ ತೂರಿಕೊಂಡು ಕೆಳಗಿನ ಕಲ್ಲು ಮುಟ್ಟಿ 30.0 ಅಂತ ಹೇಳುತ್ತಿತ್ತು. ಕಲ್ಲು ಅಲ್ಲೇ ಇತ್ತು, ಟೇಪಿನದೇನೂ ತಪ್ಪಿಲ್ಲ.

ನಮ್ಮ ರಿಗ್ಗಿನ (ಕೊರೆಯುವ ಯಂತ್ರದ) ಮೇಸ್ತ್ರಿ ಬಂಗಾಳದವನು, ಎಲ್ಲರೂ ದಾದಾ ಅನ್ನುತ್ತಿದ್ದರು. ಅವನಿಗೆ ಮಾರ್ಷ್ ಕೋನ್ ಮೇಲೆ ಗೌರವ ಇರಲಿಲ್ಲ. ಒಂದು ಚಿಟಿಕೆ ರಾಡಿ ತೆಗೆದು ಎರಡು ಬೆರಳ ಉಗುರಿನ ನಡುವೆ ಉಜ್ಜಿ, ಕಿರ್ ಅಂದರೆ ಮುಖ ಸಿಂಡರಿಸುತ್ತಿದ್ದ. ಪೈಲ್ ತಲೆ ಕೆಟ್ಟ ಮೇಲೆ ಅವನು ಒಂದು ಸಂಜೆ ಚಪ್ಪಟೆ ತಟ್ಟೆಯಂಥ ಕಬ್ಬಿಣದ ತುಂಡಿಗೆ ನಡುವೆ ಕೊಂಡಿ ಬೆಸೆದು ತಂದುಕೊಟ್ಟ. ಇದನ್ನು ಕಟ್ಟಿ ಒಂದು ಸಲ ಅಳೆ, ಕಂಬಿ ಕಟ್ಟಿ ಇನ್ನೊಂದು ಸಲ ಅಳೆ ಅಂದ. ಕಂಬಿ ಕಲ್ಲಿಗೆ ಹೋಗುತ್ತದೆ, ತಟ್ಟೆ ಮರಳಿನ ಮೇಲೆ ಕೂರುತ್ತದೆ. ಎರಡರ ವ್ಯತ್ಯಾಸವೇ ಕೂತ ಮರಳು. ಮೊದಲ ಸಲ ಅಳೆದಾಗ 45 ಸೆಂಟಿಮೀಟರ್ ವ್ಯತ್ಯಾಸ ಬಂತು. ಅದೂ ಫ್ಲಶಿಂಗ್ ಆಗಿ ನಾಲ್ಕೇ ತಾಸಿಗೆ.

ಅಷ್ಟು ಮರಳು ತಳದಲ್ಲಿದ್ದಾಗ ಟ್ರೆಮಿಯಿಂದ ಕಾಂಕ್ರೀಟ್ ಬಿಟ್ಟರೆ ಏನಾಗುತ್ತದೆ ನೋಡಿ. ಕಾಂಕ್ರೀಟಿನ ಡೆನ್ಸಿಟಿ 2.4, ರಾಡಿಯದ್ದು 1.1. ಭಾರವಾದದ್ದು ಕೆಳಗಿನಿಂದ ತುಂಬುತ್ತಾ ರಾಡಿಯನ್ನು ಮೇಲೆ ತಳ್ಳುತ್ತದೆ. ರಾಡಿ ತೆಳ್ಳಗಿದ್ದರೆ ಸಲೀಸಾಗಿ ಹೋಗುತ್ತದೆ. ಮರಳು ಹಾಗೆ ಹೋಗುವುದಿಲ್ಲ. ಒಂದಿಷ್ಟು ಕಾಂಕ್ರೀಟಿನ ತಲೆ ಮೇಲೆ ಕೂತು ಟೋಪಿ ಥರ ಮೇಲಕ್ಕೆ ಬರುತ್ತದೆ, ಒಂದಿಷ್ಟು ಬದಿಗೆ ಸರಿದು ಕಂಬಿ ಮತ್ತು ಗೋಡೆಯ ನಡುವೆ ಸಿಕ್ಕಿಕೊಳ್ಳುತ್ತದೆ. ಒಂದಿಷ್ಟು ತಳದಲ್ಲೇ ಉಳಿದರೆ ಪೈಲ್ ಬಂಡೆಯ ಮೇಲೆ ಕೂರುವ ಬದಲು ಮರಳಿನ ಮೆತ್ತೆಯ ಮೇಲೆ ಕೂರುತ್ತದೆ, ಭಾರ ಬಿದ್ದಾಗ ಇಳಿಯುತ್ತದೆ. ನಮ್ಮದು ಟೋಪಿ ಹಾಕಿಕೊಂಡು ಮೇಲೆ ಬಂದಿತ್ತು, ಅದು ಪುಣ್ಯ. ಕಣ್ಣಿಗೆ ಕಂಡಿತು, ಒಡೆದು ಮತ್ತೆ ಹಾಕಿದೆವು. ಸುತ್ತಿಗೆ ಹೊಡೆದು ಅಲೆ ಕೇಳುವ ಇಂಟೆಗ್ರಿಟಿ ಟೆಸ್ಟಿನಲ್ಲಿ ಉಳಿದ ಭಾಗಕ್ಕೆ ಏನೂ ದೋಷ ಬರಲಿಲ್ಲ.

ತಳದ ಸ್ಯಾಂಪಲ್ ತೆಗೆಯುವ ಉಪಕರಣ ಅಂಗಡಿಯಲ್ಲಿ ಸಿಗುತ್ತದೆ. ನಾನು ಇಂಡೆಂಟ್, ಅಂದರೆ ಬೇಡಿಕೆ ಚೀಟಿ, ಹಾಕಿದೆ. ಇಂಡೆಂಟು ಹೆಡ್ ಆಫೀಸಿಗೆ ಹೋಗಿ ಅಲ್ಲೇ ತಪಸ್ಸಿಗೆ ಕೂತಿತು. ಅಷ್ಟರಲ್ಲಿ ಇನ್ನೂ ಐದು ಪೈಲ್ ಆಗಬೇಕಿತ್ತು. ನಮ್ಮ ಮನೆಯಲ್ಲಿ ತೋಟದ ಬಾವಿ ಇದೆ, ಪಂಪಿನ ಪೈಪಿನ ತುದಿಗೆ ಫುಟ್‌ವಾಲ್ವ್ ಇರುತ್ತದೆ, ನೀರು ಒಳಗೆ ಬಿಡುತ್ತದೆ, ವಾಪಸ್ ಹೋಗಲು ಬಿಡುವುದಿಲ್ಲ. ಪೇಟೆಗೆ ಹೋಗಿ ಒಂದು ಎರಡೂವರೆ ಇಂಚಿನ ಫುಟ್‌ವಾಲ್ವ್ ತಂದೆ. ಅದರ ಜಾಲರಿ ಕಿತ್ತು ಹಾಕಿ, ಅರ್ಧ ಮೀಟರ್ ಜಿಐ ಪೈಪಿನ ಕೆಳಗೆ ತಿರುಗಿಸಿ, ಮೇಲೆ ಒಂದು ಕ್ಯಾಪ್ ಹಾಕಿ ಕ್ಯಾಪಿಗೆ ಸಣ್ಣ ತೂತು ಮಾಡಿ, ಹಗ್ಗ ಕಟ್ಟಿ ಬಿಟ್ಟೆವು. ಇಳಿಯುವಾಗ ವಾಲ್ವ್ ತೆರೆದು ರಾಡಿ ಒಳಗಿನಿಂದ ಹಾದು ಹೋಗುತ್ತಾ ಇರುತ್ತದೆ. ನಿಂತು ಎಳೆದ ತಕ್ಷಣ ಮುಚ್ಚಿಕೊಳ್ಳುತ್ತದೆ. ಕ್ಯಾಪಿನ ತೂತು ಸಣ್ಣದು, ಮೇಲೆ ಬರುವಾಗ ಹೊರಗಿನದು ಬೆರೆಯುವುದು ಕಮ್ಮಿ. ಮೊದಲ ಸಲ ಎಳೆದ ದಿನ ಕೇಸಿಂಗ್ ಬಾಯಲ್ಲಿ 1.07, ತಳದಲ್ಲಿ 1.21, ಮರಳು 11%. ಒಂದೇ ಗುಂಡಿ, ಒಂದೇ ಹೊತ್ತು. ಆವತ್ತು ಕನ್ಸಲ್ಟೆಂಟ್ ಕಡೆಯವರೂ ಅಲ್ಲೇ ನಿಂತಿದ್ದರು, ಯಾರೂ ಮಾತಾಡಲಿಲ್ಲ.

ಕಾಂಕ್ರೀಟ್ ಲಾರಿಗೆ ಫೋನ್ ಮಾಡಿ ತಡೆದು ಮತ್ತೆ ಫ್ಲಶಿಂಗ್ ಶುರು ಮಾಡಿದೆವು. ಈ ಸಲ ಟ್ರೆಮಿ ಪೈಪನ್ನೇ ಬಳಸಿಕೊಂಡು, ಅದರೊಳಗೆ ಕಂಪ್ರೆಸರ್ ಗಾಳಿ ಬಿಟ್ಟು ಏರ್‌ಲಿಫ್ಟ್. ಗಾಳಿ ಬೆರೆತ ರಾಡಿ ಹಗುರಾಗಿ ಪೈಪಿನಲ್ಲಿ ಮೇಲೆ ನುಗ್ಗುತ್ತದೆ, ತಳದ ಮರಳನ್ನೂ ಎಳೆದುಕೊಂಡು ಬರುತ್ತದೆ. ಅದು ಡಿಸ್ಯಾಂಡರಿಗೆ ಹೋಗುತ್ತದೆ. ಡಿಸ್ಯಾಂಡರ್ ಅಂದರೆ ಮೊದಲು ನಡುಗುವ ಜರಡಿ, ದಪ್ಪ ಮರಳು, ಕಲ್ಲು, ಜೇಡಿ ಉಂಡೆ ಅಲ್ಲೇ ಬೀಳುತ್ತವೆ. ಆಮೇಲೆ ಸೈಕ್ಲೋನು, ತಲೆಕೆಳಗಾದ ಶಂಕು, ರಾಡಿಯನ್ನು ಒತ್ತಡದಲ್ಲಿ ಬದಿಯಿಂದ ನುಗ್ಗಿಸಿದರೆ ಸುಂಟರಗಾಳಿ ಥರ ತಿರುಗುತ್ತದೆ, ಮರಳು ಗೋಡೆಗೆ ಒತ್ತಿ ಕೆಳಗಿನ ತೂತಿನಿಂದ ಇಳಿಯುತ್ತದೆ, ತಿಳಿಯಾದದ್ದು ಮೇಲಿನಿಂದ ಹೋಗುತ್ತದೆ. ಸೈಕ್ಲೋನ್ ಸರಿಯಾಗಿ ನಡೆಯುತ್ತಿದೆಯಾ ಅಂತ ನೋಡಲು ಮೀಟರ್ ಬೇಡ, ಕೆಳಗಿನ ಬಾಯಿ ನೋಡಿದರೆ ಸಾಕು. ಕೊಡೆ ಬಿಚ್ಚಿದ ಹಾಗೆ ಅಗಲವಾಗಿ ಚಿಮ್ಮುತ್ತಿದ್ದರೆ ಸರಿ. ಹಗ್ಗದ ಥರ ದಪ್ಪಗೆ ಸೀದಾ ಬೀಳುತ್ತಿದ್ದರೆ ಅದಕ್ಕೆ ಹೊರೆ ಜಾಸ್ತಿಯಾಗಿದೆ, ಮರಳು ಮೇಲಿನಿಂದಲೂ ವಾಪಸ್ ಹೋಗುತ್ತಿದೆ ಅಂತ ಅರ್ಥ.

ಕೆಳಗಿನಿಂದ ಎಳೆಯುವಷ್ಟೇ ಮೇಲಿನಿಂದ ಒಳ್ಳೆ ಬೆಂಟೊನೈಟ್ ತುಂಬುತ್ತಾ ಇರಬೇಕು. ಇದು ತಮಾಷೆಯ ಮಾತಲ್ಲ. 1.2 ಮೀಟರ್ ವ್ಯಾಸದ ಗುಂಡಿಯ ಬಾಯಿ 1.13 ಚದರ ಮೀಟರ್. ಗಂಟೆಗೆ 50 ಘನ ಮೀಟರ್ ಎಳೆದರೆ ನಿಮಿಷಕ್ಕೆ ಮುಕ್ಕಾಲು ಮೀಟರ್ ಮಟ್ಟ ಇಳಿಯುತ್ತದೆ. ರಾಡಿಯ ಮಟ್ಟ ಹೊರಗಿನ ನೀರಿಗಿಂತ ಒಂದು ಒಂದೂವರೆ ಮೀಟರಾದರೂ ಮೇಲಿರಬೇಕು, ಅಳಿವೆಯಲ್ಲಿ ಆ ಹೊರಗಿನ ನೀರು ಭರತ ಇಳಿತದ ಜೊತೆ ತಾನೂ ಏರಿಳಿಯುತ್ತದೆ, ಹಾಗಾಗಿ ಲೆಕ್ಕ ಭರತದ ನೀರಿಗೇ ಹಿಡಿಯಬೇಕು. ತುಂಬುವ ಪಂಪಿನ ಡೀಸೆಲ್ ಮುಗಿದದ್ದನ್ನು ಗಮನಿಸಲು ಎರಡು ನಿಮಿಷ ತಡವಾದರೂ ಕೇಸಿಂಗಿನ ಕೆಳಗಿನ ಮರಳು ಒಳಗೆ ಬರುತ್ತದೆ. ನಮಗೆ ಒಂದು ಸಲ ಆಗಿದೆ. ಅವತ್ತು ಏರ್‌ಲಿಫ್ಟ್ ಮಾಡಿದಷ್ಟೂ ಮರಳು ಬರುತ್ತಲೇ ಇತ್ತು, ನಾವು ಗುಂಡಿ ತೊಳೆಯುತ್ತಿಲ್ಲ, ಹೊಳೆಯನ್ನೇ ಎಳೆಯುತ್ತಿದ್ದೇವೆ ಅಂತ ಅರ್ಥವಾಗಲು ಅರ್ಧ ಗಂಟೆ ಬೇಕಾಯಿತು.

30 ಮೀಟರ್ ಗುಂಡಿಯಲ್ಲಿ ಸುಮಾರು 34 ಘನ ಮೀಟರ್ ರಾಡಿ. ಆ ವೇಗದಲ್ಲಿ ಒಂದು ಸುತ್ತು ಬದಲಾಗಲು 40 ನಿಮಿಷ. ಒಂದೇ ಸುತ್ತಿಗೆ ಸಾಕಾಗುವುದಿಲ್ಲ, ಎರಡು ಸುತ್ತು ಬೇಕೇ ಬೇಕು. ಇಷ್ಟು ಹೊತ್ತು ಕಾಯಲು ಪ್ರೊಡಕ್ಷನ್‌ನವರಿಗೆ ಮನಸ್ಸಿರುವುದಿಲ್ಲ. ಅವರಿಗೆ ಒಂದು ಅಡ್ಡದಾರಿ ಗೊತ್ತು: ನೀರು ಬಿಡಿ ಸಾರ್, ಡೆನ್ಸಿಟಿ ಇಳಿಯುತ್ತೆ. ಇಳಿಯುತ್ತದೆ, ನಿಜ. ಮಾರ್ಷ್ ಕೂಡ ಇಳಿಯುತ್ತದೆ, ರಿಜಿಸ್ಟರ್ ಚೆನ್ನಾಗಿ ಕಾಣುತ್ತದೆ. ಆದರೆ ಮಜ್ಜಿಗೆಯಂತಾದ ರಾಡಿಗೆ ಮರಳನ್ನು ಹಿಡಿಯುವ ಶಕ್ತಿ ಎಲ್ಲಿಂದ ಬರಬೇಕು, ಅಲ್ವಾ? ಇದ್ದದ್ದೆಲ್ಲ ಇನ್ನೂ ಬೇಗ ತಳಕ್ಕೆ ಹೋಗುತ್ತದೆ. ಈ ವಿಷಯದಲ್ಲಿ ನಾನು ಸ್ವಲ್ಪ ಜಗಳಗಂಟ ಅಂತ ಹೆಸರು ಮಾಡಿದ್ದೇನೆ.

ಉಪ್ಪುನೀರಿನ ಕತೆಯೂ ಹೇಳಬೇಕು. ಮಾರ್ಚ್ ಕಳೆದ ಮೇಲೆ ಹೊಳೆಯಲ್ಲಿ ಮೇಲಿನ ನೀರು ಕಮ್ಮಿಯಾಗಿ ಸಮುದ್ರದ ಉಪ್ಪು ಒಳಗೆ ಬರುತ್ತದೆ. ಒಂದು ದಿನ ಟ್ಯಾಂಕರ್ ಬರಲಿಲ್ಲ ಅಂತ ಯಾರೋ ಹೊಳೆಯಿಂದಲೇ ಪಂಪು ಹಾಕಿ ಬೆಂಟೊನೈಟ್ ಕಲಸಿದರು. ಬೆಳಿಗ್ಗೆ ನೋಡಿದರೆ ಒಡೆದ ಹಾಲಿನ ಥರ, ಮೇಲೆ ನೀರು, ಕೆಳಗೆ ಗಸಿ. ಮಾರ್ಷ್ 27. ಬೆಂಟೊನೈಟ್ ಉಪ್ಪುನೀರಿನಲ್ಲಿ ಉಬ್ಬುವುದಿಲ್ಲ. ಮೊದಲು ಸಿಹಿನೀರಿನಲ್ಲಿ ಕಲಸಿ ಪೂರ್ತಿ ಉಬ್ಬಿಸಿದರೆ ಆಮೇಲೆ ಸ್ವಲ್ಪ ಉಪ್ಪು ಸೇರಿದರೂ ತಡೆಯುತ್ತದೆ, ಉಲ್ಟಾ ಮಾಡಿದರೆ ಚೀಲಗಟ್ಟಲೆ ಹಾಳು. ಸಿಮೆಂಟ್ ಸೇರಿದರೂ ಅದೇ ಗತಿ. ಕಾಂಕ್ರೀಟ್ ಏರುತ್ತಾ ಬಂದಾಗ ಕೊನೆಯ ಎರಡು ಮೂರು ಮೀಟರ್ ರಾಡಿ ಸಿಮೆಂಟ್ ತಾಗಿ ಮೊಸರು ಗಡ್ಡೆಯಾಗಿ ಹೊರಗೆ ಬರುತ್ತದೆ, ಪಿಎಚ್ ಕಾಗದ ಗಾಢ ನೀಲಿ. ಅದನ್ನು ತೊಟ್ಟಿಗೆ ಬಿಟ್ಟರೆ ಇಡೀ ತೊಟ್ಟಿ ಕೆಡಿಸುತ್ತದೆ, ಬೇರೆ ಗುಂಡಿಗೇ ಬಿಡಬೇಕು. ಸೋಡಾ ಬೈಕಾರ್ಬ್ ಹಾಕಿ ಸ್ವಲ್ಪ ರಿಪೇರಿ ಮಾಡಬಹುದು, ಜಾಸ್ತಿ ಕೆಟ್ಟಿದ್ದರೆ ಎಸೆಯುವುದೇ ಅಗ್ಗ.

ಎಸೆಯುವುದು ಎಲ್ಲಿ ಅನ್ನುವುದು ಇನ್ನೊಂದು ತಲೆನೋವು. ಹೊಳೆ ಹತ್ತು ಹೆಜ್ಜೆ ದೂರದಲ್ಲಿದೆ, ರಾತ್ರಿ ಯಾರೂ ನೋಡುವುದಿಲ್ಲ. ಇಳಿತದ ಹೊತ್ತಿನಲ್ಲಿ ಅದೇ ದಂಡೆಯಲ್ಲಿ ಹೆಂಗಸರು ಬಗ್ಗಿ ನಿಂತು ಚಿಪ್ಪಿ ಆರಿಸುತ್ತಿದ್ದರು. ಚಿಪ್ಪಿ ಬದುಕುವುದೇ ನೀರು ಸೋಸಿಕೊಂಡು. ನಯವಾದ ಈ ಜೇಡಿ ಅದರ ಮೇಲೆ ಪದರ ಕಟ್ಟಿದರೆ ಏನಾಗುತ್ತದೆ ಅಂತ ಹೇಳಲು ಇಂಜಿನಿಯರೇ ಬೇಕಿಲ್ಲ. ನಮ್ಮಲ್ಲಿ ಮಣ್ಣಿನ ಹೊಂಡಕ್ಕೆ ಪ್ಲಾಸ್ಟಿಕ್ ಹಾಸಿ ಒಣಗಿಸಿ, ಗಟ್ಟಿಯಾದ ಮೇಲೆ ಟಿಪ್ಪರಿನಲ್ಲಿ ಸಾಗಿಸುತ್ತಿದ್ದೆವು. ಯಾವಾಗಲೂ ಹಾಗೇ ಮಾಡಿದೆವು ಅಂತ ನಾನು ಪ್ರಮಾಣ ಮಾಡುವುದಿಲ್ಲ, ನಾನು ಇದ್ದ ಪಾಳಿಯಲ್ಲಿ ಮಾಡಿದೆವು.

ಬೆಂಟೊನೈಟಿನ ಬದಲು ಪಾಲಿಮರ್ (ನೀರಿಗೆ ಬೆರೆಸುವ ಉದ್ದ ಎಳೆಯ ರಾಸಾಯನಿಕ) ಯಾಕೆ ಹಾಕಲಿಲ್ಲ ಅಂತ ಕೆಲವರು ಕೇಳುತ್ತಾರೆ. ಪಾಲಿಮರ್ ಕಮ್ಮಿ ಸಾಕು, ವಿಲೇವಾರಿ ಸುಲಭ, ಒಪ್ಪುತ್ತೇನೆ. ಆದರೆ ಅದರ ಸ್ವಭಾವವೇ ಬೇರೆ. ಅದು ಮರಳನ್ನು ಹಿಡಿದಿಟ್ಟುಕೊಳ್ಳುವುದೇ ಇಲ್ಲ, ಬಿಟ್ಟುಬಿಡುತ್ತದೆ, ಹಾಗಾಗಿ ಸ್ವಲ್ಪ ಹೊತ್ತು ಕಾದು ಕ್ಲೀನಿಂಗ್ ಬಕೆಟ್ ಇಳಿಸಿ ತಳ ಬಾಚಬೇಕು. ಜೋರು ಪಂಪಿನಲ್ಲಿ ತಿರುಗಿಸಿದರೆ ಅದರ ಎಳೆಗಳು ತುಂಡಾಗಿ ಬರೀ ನೀರಾಗುತ್ತದೆ. ಬೆಂಟೊನೈಟಿನ ಅಭ್ಯಾಸ ಇಟ್ಟುಕೊಂಡು ಪಾಲಿಮರ್ ಬಳಸಿದವರ ಪಾಡು ನೋಡಿದ್ದೇನೆ. ಅದರ ಬಗ್ಗೆ ಇನ್ನೊಂದು ದಿನ.

ಆಮೇಲೆ ನಮ್ಮ ಪೋರ್ ಕಾರ್ಡಿನಲ್ಲಿ, ಅಂದರೆ ಕಾಂಕ್ರೀಟ್ ಹಾಕುವ ಮುಂಚೆ ತುಂಬುವ ಹಾಳೆಯಲ್ಲಿ, ಎರಡು ಕಾಲಂ ಜಾಸ್ತಿಯಾಯಿತು. ಸ್ಯಾಂಪಲ್ ಎಷ್ಟು ಆಳದಿಂದ, ಎಷ್ಟು ಗಂಟೆಗೆ. ಮೇಲೆ, ನಡುವೆ, ತಳದಿಂದ ಅರ್ಧ ಮೀಟರ್, ಹೀಗೆ ಮೂರು. ಕೇಜ್ ಇಳಿದ ಮೇಲೆ ಎರಡನೇ ಫ್ಲಶಿಂಗ್ ಕಡ್ಡಾಯ. ಟ್ರೆಮಿಯ ಮೇಲೆ ಹಾಪರ್ (ಕಾಂಕ್ರೀಟ್ ಸುರಿಯುವ ಆಲಿಕೆ) ಕೂರಿಸಿ, ಲಾರಿ ಗೇಟಿನೊಳಗೆ ಬಂದ ಮೇಲೆ ಕೊನೆಯ ಸ್ಯಾಂಪಲ್, ಅದಾಗಿ ಅರ್ಧ ಗಂಟೆಯೊಳಗೆ ಕಾಂಕ್ರೀಟ್ ಬೀಳದಿದ್ದರೆ ಮತ್ತೆ ಮೊದಲಿಂದ. ಮುಂದಿನ ಐದು ಪೈಲಿನ ತಲೆ ಒಡೆದಾಗ ಒಂದು ಮೀಟರಿಗೆ ಮುಂಚೆಯೇ ಟಣ್ ಅಂದವು. ಒಂದರಲ್ಲಿ ಮಾತ್ರ ಅಂಗೈಯಷ್ಟು ಮರಳಿನ ಗಂಟು ಇತ್ತು, ಅದೂ ಕಟಾಫ್‌ಗಿಂತ, ಅಂದರೆ ಒಡೆದು ನಿಲ್ಲಿಸುವ ಮಟ್ಟಕ್ಕಿಂತ, ಮೇಲೆ.

ಮಳೆ ಶುರುವಾದ ಮೇಲೆ ಹೊಳೆ ಕೆಲಸ ನಿಂತಿತು. ರಿಗ್ಗನ್ನು ಎತ್ತರದ ಜಾಗಕ್ಕೆ ಸಾಗಿಸಿ ಟಾರ್ಪಾಲು ಹೊದಿಸಿ ಎಲ್ಲರೂ ಊರಿಗೆ ಹೊರಟರು. ಸೆಪ್ಟೆಂಬರಿನಲ್ಲಿ ವಾಪಸ್ ಬಂದು ನೋಡಿದರೆ ಸ್ಟೋರಿನಲ್ಲಿ ನನ್ನ ಸ್ಯಾಂಪ್ಲರಿನ ಪೈಪು, ಕ್ಯಾಪು, ಹಗ್ಗ ಇದ್ದವು, ಫುಟ್‌ವಾಲ್ವ್ ಇರಲಿಲ್ಲ. ಹುಡುಕುತ್ತಾ ಹೋದರೆ ಲೇಬರ್ ಕ್ಯಾಂಪಿನ ಬಾವಿಯಲ್ಲಿ ಸಿಕ್ಕಿತು. ಪಂಪಿನ ವಾಲ್ವ್ ಕೆಟ್ಟಿತ್ತಂತೆ, ದಾದಾ ಇದನ್ನು ಬಿಚ್ಚಿ ಅಲ್ಲಿಗೆ ಹಾಕಿದ್ದ. ಜಾಲರಿ ಇಲ್ಲದ್ದರಿಂದ ಪಂಪಿಗೆ ಎಲೆ ಕಸ ಸಿಕ್ಕಿ ದಿನಾ ನಿಲ್ಲುತ್ತದೆ, ಜಾಲರಿ ಎಲ್ಲಿಟ್ಟಿದ್ದೀಯ ಅಂತ ನನ್ನನ್ನೇ ಜೋರು ಮಾಡಿದ. ಮರುದಿನ ಪೇಟೆಗೆ ಹೋಗಿ ಎರಡು ಹೊಸ ಫುಟ್‌ವಾಲ್ವ್ ತಂದೆ, ಬಿಲ್ಲು ನನ್ನ ಹೆಸರಿನಲ್ಲೇ. ಇಂಡೆಂಟು ಹಾಕಿದ್ದ ಅಂಗಡಿ ಸ್ಯಾಂಪ್ಲರ್ ಬಂದದ್ದು ಡಿಸೆಂಬರಿನಲ್ಲಿ, ಅಷ್ಟರಲ್ಲಿ ಕೊನೆಯ ಪೈಲಿಗೆ ಕಾಂಕ್ರೀಟ್ ಬಿದ್ದು ಎರಡು ವಾರವಾಗಿತ್ತು.